ನೀಲಕ್ಕನ ಐದು ರೀಲು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ಟೇಪು ಹಾಕುವುದು ಎನ್ನುತ್ತೇನೆ. ಅಷ್ಟು ಕೇಳಿದ ಕೂಡಲೇ ನಮ್ಮೂರಿನವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವರದು ತಪ್ಪು ಎನ್ನಲಾರೆ. ದಿನಾ ಬೆಳಿಗ್ಗೆ ಐದೂವರೆಗೆ ನಾನು ಮೆಷಿನ್ನಿನ ಗುಂಡಿ ಒತ್ತಿದೊಡನೆ ಎರಡು ಬೀದಿ ಆಚೆ ನೀಲಕ್ಕನ ಮಾತು ನಿಂತುಹೋಗುತ್ತಿತ್ತು. ಹಾಡು ಗುನುಗುತ್ತಿದ್ದರೆ ಹಾಡು, ಗಂಡನನ್ನು ಬಯ್ಯುತ್ತಿದ್ದರೆ ಬೈಗುಳ, ಅರ್ಧಕ್ಕೇ ನಿಲ್ಲಬೇಕು. ಇಪ್ಪತ್ತೆರಡು ವರ್ಷ ನಾನು ಆ ಗುಂಡಿ ಒತ್ತಿದ್ದೇನೆ. ಒಂದು ದಿನವೂ ಸಲೀಸಾಗಿ ಒತ್ತಲಿಲ್ಲ ಎಂದು ಹೇಳಿಕೊಂಡರೆ ನೀವು ನಂಬಬೇಕಾಗಿಲ್ಲ.

ನಮ್ಮೂರಿನಲ್ಲಿ ಒಬ್ಬರಿಗೆ ಒಂದೇ ದನಿ. ಅದು ಯಂತ್ರದಲ್ಲಿ ನುಡಿಯುತ್ತಿರುವಷ್ಟು ಹೊತ್ತು ಗಂಟಲಿನಲ್ಲಿ ಇರುವುದಿಲ್ಲ. ಯಂತ್ರ ನಿಂತರೆ ಮರಳಿ ಬರುತ್ತದೆ. ಹೀಗಾಗಿ ಇಲ್ಲಿ ರೆಕಾರ್ಡು ಮಾಡುವ ಪೆಟ್ಟಿಗೆ ಕಂಡರೆ ಮಕ್ಕಳು ಸಹ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಮೊಬೈಲು ಬಂದ ಮೇಲೂ ಯಾರೂ ದನಿ ಕಳಿಸುವುದಿಲ್ಲ, ಬೆರಳು ನೋಯುವ ತನಕ ಟೈಪು ಮಾಡುತ್ತಾರೆ. ಮದುವೆ ಮನೆಯಲ್ಲಿ ವಿಡಿಯೊದವನು ಮೈಕಿನ ವೈರು ಕಿತ್ತು, ನೆಂಟರಿಗೆಲ್ಲ ಎತ್ತಿ ತೋರಿಸಿ, ಆಮೇಲೆ ಕ್ಯಾಮೆರಾ ಹಿಡಿಯುತ್ತಾನೆ. ಹಿಂದೊಂದು ಚುನಾವಣೆಯಲ್ಲಿ ಒಬ್ಬ ಮಹಾನುಭಾವ ಎದುರಾಳಿಯ ಹಳೇ ಭಾಷಣದ ಕ್ಯಾಸೆಟ್ಟು ಸಂಪಾದಿಸಿ, ಆತ ವೇದಿಕೆ ಹತ್ತಿದಾಗಲೆಲ್ಲ ಮನೆಯಲ್ಲಿ ಕೂತು ಹಾಕಿಬಿಡುತ್ತಿದ್ದ. ಆತ ಪಾಪ ಏನು ಮಾಡಿಯಾನು, ಕೈ ಮುಗಿದುಕೊಂಡು ನಿಂತ. ಇಷ್ಟು ಕಡಿಮೆ ಮಾತಾಡುವ ನಾಯಕನನ್ನು ಜನ ನೋಡಿರಲಿಲ್ಲ, ಗೆಲ್ಲಿಸಿಬಿಟ್ಟರು.

ಇನ್ನೊಂದು ಸಂಗತಿಯೂ ಇದೆ. ದನಿ ಕೊನೆಯ ಸಲ ಯಾವ ಪ್ರತಿಯಲ್ಲಿ ನುಡಿಯಿತೋ ಅದಕ್ಕೇ ಅಂಟಿಕೊಂಡಿರುತ್ತದೆ. ಅದು ಸವೆದರೆ ಗಂಟಲಿನದೂ ಸವೆಯುತ್ತದೆ. ನಮ್ಮ ಗಾರೆ ಕೆಲಸದ ಮೇಸ್ತ್ರಿಯೊಬ್ಬನ ಕ್ಯಾಸೆಟ್ಟನ್ನು ಯಂತ್ರ ನುಂಗಿ ಕಚ್ಚಿ ಹಾಕಿತ್ತು. ಅವನು ಈಗಲೂ ‘ಸುಣ್ಣ’ ಎನ್ನುವಲ್ಲಿ ತಡವರಿಸುತ್ತಾನೆ. ಸತ್ತವರ ಟೇಪುಗಳಿಗೆ ಈ ಯಾವ ಕಾಟವೂ ಇಲ್ಲ. ಅವನ್ನೆಲ್ಲ ಹಳೇ ಹತ್ತಿ ಗಿರಣಿಯ ಕಟ್ಟಡದಲ್ಲಿ ಪೇರಿಸಿಟ್ಟಿದ್ದಾರೆ, ಅದಕ್ಕೆ ಧ್ವನಿ ಭಂಡಾರ ಎಂದು ಹೆಸರು.

ನೀಲಕ್ಕನ ದನಿ ಬಸ್ ಸ್ಟ್ಯಾಂಡಿಗೆ ಬಂದದ್ದು ಆಕೆಗೆ ಹತ್ತೊಂಬತ್ತು ವರ್ಷವಿದ್ದಾಗ. ಆಗ ಆಕೆ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗುವ ಕೆಲಸದಲ್ಲಿದ್ದಳು. ನನಗಿಂತ ಮೊದಲು ಇದ್ದ ತಿಮ್ಮಯ್ಯ ಎಂಬಾತನಿಗೆ ಎಲ್ಲಿಂದಲೋ ಒಂದು ಟೇಪು ಮೆಷಿನ್ನು ಸಿಕ್ಕಿತು. “ಒಂದ್ ದಿನ ಹೇಳ್ಬಿಡು ಮಗಾ, ನಾಳೆಯಿಂದ ಅದೇ ಹೇಳುತ್ತೆ. ಒಂದ್ ತಿಂಗ್ಳು ಅಷ್ಟೆ, ಆಮೇಲೆ ಬೇರೆ ಏರ್ಪಾಡು ಮಾಡ್ತಾರೆ” ಎಂದ. ಹೊರಗಿನ ಊರಾಗಿದ್ದರೆ ನೂರಾ ಚಿಲ್ಲರೆ ಸಾಲು ಒಂದರ ಹಿಂದೆ ಒಂದು ಹೇಳಿಸಿ ಒಂದು ಗಂಟೆಯಲ್ಲಿ ಮುಗಿಸುತ್ತಿದ್ದರೇನೋ. ರೆಕಾರ್ಡಿಂಗು ಎಂದರೇನೆಂದೇ ಕಾಣದ ನಮ್ಮ ತಿಮ್ಮಯ್ಯ ‘ಒಂದು ದಿನ’ ಎಂದರೆ ಒಂದು ದಿನವೇ ಎಂದುಕೊಂಡ. ಬೆಳಿಗ್ಗೆ ಐದೂವರೆಗೆ ಮೆಷಿನ್ನು ಹಚ್ಚಿ, ರಾತ್ರಿ ಎಂಟೂವರೆಯ ಕೊನೇ ಬಸ್ಸಿನವರೆಗೆ ಬಿಟ್ಟ. ಬಸ್ಸು ಬಂದಾಗ ನೀಲಕ್ಕ ಹೇಳಿದಳು, ಬಾರದಾಗ ಸುಮ್ಮನೆ ಕೂತಳು. ಹದಿನೈದು ಗಂಟೆ, ಮೂರು ಮೂರು ಗಂಟೆಯ ಐದು ರೀಲು. ಅದರಲ್ಲಿ ಆಕೆಯ ಕುರ್ಚಿ ಕಿರುಗುಟ್ಟುತ್ತದೆ, ಮಧ್ಯಾಹ್ನ ಬುತ್ತಿ ಬಿಚ್ಚುವ ಸದ್ದಿದೆ, ನಾಲ್ಕನೇ ರೀಲಿನಲ್ಲಿ ಎರಡು ಸೀನು. ಎಲ್ಲಕ್ಕಿಂತ ಕೊನೆಗೆ, ಎಂಟೂವರೆ ಬಸ್ಸನ್ನು ಕಳಿಸಿದ ಮೇಲೆ, ದಣಿದ ಒಂದು ಸಣ್ಣ ದನಿ ತಿಮ್ಮಯ್ಯನನ್ನು ಕೇಳುತ್ತದೆ: “ಸಾಕಾ?” ತಿಮ್ಮಯ್ಯ ಆಗ ಬೀಡಿ ಸೇದಲು ಹೊರಗೆ ಹೋಗಿದ್ದ. ಉತ್ತರವಿಲ್ಲ. ಸ್ವಲ್ಪ ಹೊತ್ತು ಮೌನ ಓಡಿ ರೀಲು ಮುಗಿಯುತ್ತದೆ.

ತಾತ್ಕಾಲಿಕ ಎಂದು ನಮ್ಮೂರಿನಲ್ಲಿ ಶುರುವಾದದ್ದು ಯಾವುದೂ ಮುಗಿದ ಉದಾಹರಣೆ ಇಲ್ಲ. ಒಂದು ತಿಂಗಳು ಮೂವತ್ತೊಂದು ವರ್ಷವಾಯಿತು. ಟೇಪು ಬದಲಿಸಲಾಗದ ಕಾರಣ ಬಸ್ಸುಗಳ ವೇಳೆಯೂ ಬದಲಾಗಲಿಲ್ಲ. ಮೂರುಹಳ್ಳಕ್ಕೆ ಹೋಗುವ ಹನ್ನೊಂದೂ ಕಾಲರ ಬಸ್ಸು ನಿಂತು ಹದಿನೇಳು ವರ್ಷವಾದರೂ ನೀಲಕ್ಕ ಅದನ್ನು ದಿನಾ ಕರೆಯುತ್ತಿದ್ದಳು. ಹಳಬರು ಕೆಲವರು ಮರ್ಯಾದೆಗೆ ಎದ್ದು ನಿಂತು ಮತ್ತೆ ಕೂರುತ್ತಿದ್ದರು. ರಾತ್ರಿ “ಸಾಕಾ?” ಕೇಳಿದೊಡನೆ ಅಂಗಡಿಯವರು ಶಟರು ಎಳೆಯುತ್ತಿದ್ದರು. ಎಂಟೂವರೆ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ, ‘ಸಾಕಾ ಹೊತ್ತಿಗೆ ಬರ್ತೀನಿ’ ಎನ್ನುತ್ತಾರೆ.

ನೀಲಕ್ಕನ ಮನೆಯಲ್ಲಿ ಮಾತೆಂಬುದೆಲ್ಲ ಸಾಕಾ ಹೊತ್ತಿನ ಮೇಲೆ. ಹಗಲಿಡೀ ಕೊರಳಿಗೊಂದು ಸ್ಲೇಟು. ಗಂಡ ಜವರಣ್ಣ ಸೈಕಲ್ ಶಾಪಿನವನು, ಒಳ್ಳೆಯ ಮನುಷ್ಯ, ಓದು ಬಾರದವನು ಹೆಂಡತಿಗೋಸ್ಕರ ನಲವತ್ತರ ಮೇಲೆ ಅಕ್ಷರ ಕಲಿತ. ಇದರ ನಡುವೆ ಒಂದು ಕಿಂಡಿ ಇತ್ತು. ಒಂದು ರೀಲು ತೆಗೆದು ಇನ್ನೊಂದು ಹಾಕುವಾಗ ಎರಡು ನಿಮಿಷ ಮೆಷಿನ್ನು ನಿಲ್ಲಬೇಕು. ದಿನಕ್ಕೆ ನಾಲ್ಕು ಸಲ, ಎರಡೆರಡು ನಿಮಿಷ. ಅಷ್ಟರಲ್ಲಿ ನೀಲಕ್ಕ ಹಾಲಿನವಳ ಹತ್ತಿರ, ಸೊಪ್ಪಿನವಳ ಹತ್ತಿರ, ಫೋನಿನಲ್ಲಿ ಮಗಳ ಹತ್ತಿರ ಆಡಬೇಕಾದ್ದನ್ನೆಲ್ಲ ಆಡಿ ಮುಗಿಸಬೇಕು. ನಾನು ಏನು ಮಾಡುತ್ತಿದ್ದೆನೆಂದರೆ, ರೀಲು ಬದಲಿಸುವಾಗ ಕೈ ಸ್ವಲ್ಪ ನಿಧಾನ ಮಾಡುತ್ತಿದ್ದೆ. ಟೇಪಿನ ತುದಿ ಸಿಗದವನಂತೆ ಹುಡುಕುವುದು, ಸಿಕ್ಕಿದ್ದನ್ನು ಕೈತಪ್ಪಿಸುವುದು. ಎರಡು ನಿಮಿಷ ಐದಾಗುತ್ತಿತ್ತು, ಒಮ್ಮೊಮ್ಮೆ ಏಳು. ತಡವಾದಷ್ಟನ್ನು ಆಮೇಲೆ ಟೇಪು ಮುಂದಕ್ಕೆ ಸುತ್ತಿ ಸರಿದೂಗಿಸುತ್ತಿದ್ದೆ. ಕಂಟ್ರೋಲರ್ ಸಾಹೇಬರು “ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಾ ಇದ್ದೀಯ, ಇನ್ನೂ ಕೈಗೆ ಬರಲಿಲ್ವಲ್ಲಯ್ಯ ನಿಂಗೆ” ಎಂದು ಬಯ್ಯುತ್ತಿದ್ದರು. ಬಯ್ಯಿಸಿಕೊಂಡಷ್ಟೂ ನನಗೆ ಸಮಾಧಾನ.

ಟೇಪು ನಿಲ್ಲಿಸಿಬಿಡಬಾರದಿತ್ತೇ ಎಂದು ನೀವು ಕೇಳಬಹುದು. ಒಮ್ಮೆ ಎರಡು ದಿನ ನಿಲ್ಲಿಸಿದ್ದೆವು, ಕೂಗುವುದಕ್ಕೆ ಬೇರೆ ಆಳು ಕೊಡಲಿಲ್ಲ. ಬೋರ್ಡು ಓದಲು ಬಾರದ ಮುದುಕಿಯರು ಎತ್ತೆತ್ತಲೋ ಹೋದರು. ಕಣ್ಣು ಕಾಣದ ಕಡಲೆಕಾಯಿ ಮಾರುವವನೊಬ್ಬ ಬಸ್ಸಿನ ಚಕ್ರದ ಹತ್ತಿರ ನಿಂತಿದ್ದ. ಮೂರನೇ ದಿನ ಬೆಳಿಗ್ಗೆ ನೀಲಕ್ಕ ತಾನೇ ನನ್ನ ಕೋಣೆಗೆ ಬಂದಳು. ಆಗ ಆಕೆಗೆ ದನಿ ಇತ್ತು, ಆದರೂ ಅಭ್ಯಾಸಬಲದಿಂದ ಸ್ಲೇಟಿನ ಮೇಲೆಯೇ ಬರೆದಳು: ‘ಹಾಕು.’

ಹೀಗೆ ನಡೆಯುತ್ತಿದ್ದದ್ದು ಹೋದ ವರ್ಷ ಕೈಕೊಟ್ಟಿತು. ಮೂರನೇ ರೀಲು ಓಡಿಸುವಾಗ ಮೆಷಿನ್ನಿನ ಮೇಲೆ ಕಂದು ಬಣ್ಣದ ಪುಡಿ ಬೀಳತೊಡಗಿತು. ಬೆರಳಿಗೆ ಹತ್ತಿಸಿಕೊಂಡು ನೋಡಿದರೆ ನಶ್ಯದಂತಿತ್ತು. ದನಿ ಅಲ್ಲಲ್ಲಿ ಕಂಬಳಿ ಹೊದ್ದಂತೆ ಮಂಕಾಯಿತು, ಬೆಣ್ಣೆಗುಡ್ಡದ ಬಸ್ಸಿನ ಹೆಸರು ಬರುವಲ್ಲಿ ಬರೀ ಗಾಳಿ. ಅವತ್ತು ರೀಲು ಬದಲಿಸುವ ಹೊತ್ತಿಗೆ ನೀಲಕ್ಕ ಓಡಿ ಬಂದಳು.

“ಪರಮೇಶಿ, ನನ್ ಮಗಳನ್ನ ಕೊಟ್ಟಿರೋ ಊರು ಯಾವ್ದು ಹೇಳು.”

“ಬೆಣ್ಣೆಗುಡ್ಡ ಅಲ್ವಾ ಅಕ್ಕಾ.”

“ಅದನ್ನ ನಾನು ಹೇಳಕ್ ಹೋದ್ರೆ ಆಗ್ತಿಲ್ಲ ಕಣೋ. ಬಾಯಿ ತೆಗೀತೀನಿ, ಏನೂ ಬರಲ್ಲ. ಹೋಗ್ತಾ ಇದೆ ಅಲ್ವಾ?”

ನಾನು ಪುಡಿ ಹತ್ತಿದ ಬೆರಳು ತೋರಿಸಿದೆ. ಆಕೆ ಅದನ್ನು ತನ್ನ ಸೆರಗಿನಲ್ಲಿ ಮೆಲ್ಲಗೆ ಒರೆಸಿಕೊಂಡಳು. ತಿಂಗಳೊಪ್ಪತ್ತಿನಲ್ಲಿ ಐದೂ ರೀಲು ಹೀಗೇ ಉದುರಿದರೆ ಆಕೆ ಹಗಲಿಗೂ ರಾತ್ರಿಗೂ ಸ್ಲೇಟಿನವಳೇ ಎಂಬುದು ಇಬ್ಬರಿಗೂ ತಿಳಿದಿತ್ತು. ನಾನು ಮೂರನೇ ರೀಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಧ್ವನಿ ಭಂಡಾರಕ್ಕೆ ಹೊರಟೆ.

ಅಲ್ಲಿನ ದಾಕ್ಷಾಯಣಿ ಮೇಡಂ ಬಗ್ಗೆ ಊರಿನಲ್ಲಿ ಎರಡು ಮಾತಿದ್ದವು. ಸತ್ತವರ ಜೊತೆಯೇ ಒಡನಾಟ, ಬದುಕಿದವರ ಜೊತೆ ಆಗುವುದಿಲ್ಲ ಎಂಬುದು ಒಂದು. ಯಾವುದಕ್ಕೂ ಅವಸರ ಮಾಡುವುದಿಲ್ಲ ಎಂಬುದು ಇನ್ನೊಂದು. ಎರಡನೆಯದು ನಿಜ. ಐವತ್ತೈದು ದಾಟಿದ, ಕಡ್ಡಿಯಂಥ ಹೆಂಗಸು. ಬೀದಿಯ ಗದ್ದಲಕ್ಕೆ ಕಿವಿ ಕೆಡಬಾರದೆಂದು ಹತ್ತಿ ತುರುಕಿಕೊಂಡು ಓಡಾಡುವವರು. ನಾನು ಹೋದಾಗ ಸತ್ತು ಇಪ್ಪತ್ತು ವರ್ಷವಾದ ಸೂಲಗಿತ್ತಿಯೊಬ್ಬಳ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದರು. ಕೈಯಲ್ಲೇ ಸನ್ನೆ ಮಾಡಿ ಕೂರಿಸಿದರು. ಮುಕ್ಕಾಲು ಗಂಟೆ ಆ ಸೂಲಗಿತ್ತಿ ತನ್ನ ಎಮ್ಮೆಯ ವಿಷಯ ಹೇಳಿದಳು, ಮೇಡಂ ಒಂದಕ್ಷರ ಬಿಡದೆ ಕೇಳಿದರು. ಅದು ಮುಗಿದ ಮೇಲೆ ನನ್ನ ರೀಲನ್ನು ಬಿಚ್ಚಿ ಮೊದಲು ಮೂಸಿ ನೋಡಿದರು, ಆಮೇಲೆ ಬೆಳಕಿಗೆ ಹಿಡಿದರು.

“ಎಷ್ಟು ಸಲ ಓಡಿಸಿದ್ದೀರಿ ಇದನ್ನ?”

“ಹತ್ತು ಸಾವಿರದ ಮೇಲೇ ಆಗಿರ್ಬೇಕು ಮೇಡಂ.”

“ಇನ್ನು ಒಂದೇ ಸಲ ಓಡುತ್ತೆ. ಅದೂ ಬಿಸಿ ಮಾಡಿದ ಮೇಲೆ. ನಾಳೆಯಿಂದ ಮುಟ್ಟಬೇಡಿ, ಐದೂ ತಂದುಕೊಡಿ. ಆ ಹೆಣ್ಣುಮಗಳನ್ನೂ ಕರ್ಕೊಂಡು ಬನ್ನಿ, ಕೇಳದೆ ನಾನು ಕೈ ಹಾಕಲ್ಲ.”

ಬಿಸಿ ಮಾಡುವುದೆಂದರೆ ಏನೆಂದು ಆಮೇಲೆ ಗೊತ್ತಾಯಿತು. ಹಳೇ ಟೇಪು ವರ್ಷಗಟ್ಟಲೆ ತೇವ ಕುಡಿದು ಅಂಟಂಟಾಗಿರುತ್ತದಂತೆ. ಹದವಾದ ಶಾಖದಲ್ಲಿ ಒಣಗಿಸಿದರೆ ಪದರ ಮತ್ತೆ ಕೆಲವು ದಿನ ಗಟ್ಟಿಯಾಗಿ ಕೂರುತ್ತದೆ. ಭಂಡಾರದಲ್ಲಿ ಅಂಥ ಪೆಟ್ಟಿಗೆ ಇರಲಿಲ್ಲ. ನೀಲಕ್ಕ ಬಂದು ಹೂಂ ಎಂದ ಮೇಲೆ ಮೇಡಂ ಸೀದಾ ಹಪ್ಪಳ ಮಾಡುವ ಹೆಂಗಸರ ಸಂಘಕ್ಕೆ ಹೋಗಿ ಅವರ ಒಣಗಿಸುವ ಯಂತ್ರ ಕೇಳಿದರು. ಸಂಘದವರು ಎಂಟು ಗಂಟೆ ಹಪ್ಪಳ ನಿಲ್ಲಿಸಿ ಬಿಟ್ಟುಕೊಟ್ಟರು. ತಟ್ಟೆಗಳ ಮೇಲೆ ಐದು ರೀಲುಗಳನ್ನು ಮಲಗಿಸಿ, ಥರ್ಮಾಮೀಟರು ಇಟ್ಟುಕೊಂಡು, ಮೇಡಂ ಎಂಟು ಗಂಟೆಯೂ ಸ್ಟೂಲಿನಿಂದ ಏಳಲಿಲ್ಲ. ಶಾಖ ಒಂದು ಗೆರೆ ಏರಿದರೆ ಬಾಗಿಲು ಬೆರಳಷ್ಟು ತೆರೆಯುವುದು, ಇಳಿದರೆ ಮುಚ್ಚುವುದು. ಅವತ್ತು ದಿನವೆಲ್ಲ ನೀಲಕ್ಕನ ಗಂಟಲು ಮೆಣಸಿನ ಕಷಾಯ ಕುಡಿದಂತೆ ಬೆಚ್ಚಗಿತ್ತಂತೆ.

ನಂತರ ಐದು ದಿನ, ದಿನಕ್ಕೊಂದು ರೀಲು. ಮೂರು ಗಂಟೆಯ ಟೇಪು ಇಳಿಸಲು ಮೂರು ಗಂಟೆ ಬೇಕು, ಅದರಲ್ಲಿ ಅಡ್ಡದಾರಿ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಸಾಹೇಬರೇ ಮೈಕು ಹಿಡಿದು ಕೂಗುತ್ತಿದ್ದರು. ಅವರ ಕೂಗಿಗೆ ಬಸ್ಸು ಹತ್ತುವವರಿಗಿಂತ ಇಳಿದು ಓಡುವವರೇ ಹೆಚ್ಚು ಎಂದು ಸುದ್ದಿ. ನಾನು ಭಂಡಾರದಲ್ಲಿ ಮೇಡಂಗೆ ಸಹಾಯಕ್ಕೆ ನಿಂತೆ. ನೀಲಕ್ಕ ಗೋಡೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಳು. ಮೂವತ್ತೊಂದು ವರ್ಷದಲ್ಲಿ ಆಕೆ ತನ್ನ ದನಿಯನ್ನು ಹತ್ತಿರದಿಂದ ಕೇಳಿದ್ದು ಇದೇ ಮೊದಲು. ಟೇಪು ಓಡುವ ಹೊತ್ತು ಬಸ್ ಸ್ಟ್ಯಾಂಡಿನ ಕಡೆ ಆಕೆ ಬರುತ್ತಲೇ ಇರಲಿಲ್ಲ. ಕೆಂಚನಗುಡಿ, ತೋಟದಹಾಳು, ಮೂರುಹಳ್ಳ ಎಂದು ಆ ಹುಡುಗಿ ಊರುಗಳ ಹೆಸರು ಹೇಳಿದಾಗಲೆಲ್ಲ ಈ ಹೆಂಗಸಿನ ತುಟಿ ಸುಮ್ಮನೆ ಆಡುತ್ತಿತ್ತು.

ಮೂರನೇ ದಿನ ಬೆಣ್ಣೆಗುಡ್ಡ ಬಂತು. ನನಗೆ ಮೊದಲಿನ ಹಾಗೆ ಗಾಳಿಯೇ ಕೇಳಿಸಿತು. ಮೇಡಂ ಕಣ್ಣು ಮುಚ್ಚಿದ್ದರು. ಯಂತ್ರದ ಹೆಡ್ಡಿಗೆ ಟೇಪು ತಾಗುವ ಕಡೆ ಒಂದು ಸಣ್ಣ ತಿರುಪು ಇದೆ, ಅದನ್ನು ಕೂದಲೆಳೆಯಷ್ಟು ತಿರುಗಿಸಿದರು. ಇನ್ನೊಂದು ಕೂದಲೆಳೆ. ಗಾಳಿಯ ತಳದಿಂದ, ಬಾವಿಯೊಳಗಿಂದ ಯಾರೋ ಮಾತಾಡಿದಂತೆ, ಆ ಹೆಸರು ಎದ್ದು ಬಂತು. ಒಂದೇ ಸಲ ಓಡುವ ಟೇಪು, ಹಿಂದಕ್ಕೆ ಸುತ್ತಿ ಮತ್ತೆ ನೋಡೋಣ ಎನ್ನುವಂತಿಲ್ಲ. ಆ ಕ್ಷಣ ಆ ಕೈ ಅಲ್ಲಿರಬೇಕಿತ್ತು, ಇತ್ತು. ರೀಲು ಮುಗಿದ ಮೇಲೆ ಕಂಪ್ಯೂಟರಿನ ಪ್ರತಿಯನ್ನು ಒಮ್ಮೆ ನುಡಿಸಿದರು, ದನಿ ಅದಕ್ಕೆ ಅಂಟಿಕೊಳ್ಳಲೆಂದು. ಅದೂ ಮುಗಿದಾಗ ನೀಲಕ್ಕ ಕೆಮ್ಮಿ, ಭಯಪಟ್ಟುಕೊಂಡು, “ಬೆಣ್ಣೆಗುಡ್ಡ” ಎಂದಳು. ಇನ್ನೊಂದು ಸಲ ಎಂದಳು. ಮೂರನೇ ಸಲ ಹೇಳುವಾಗ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ಮೇಡಂ ಮಾತ್ರ ಹೆಡ್ಡಿನ ಪುಡಿಯನ್ನು ಹತ್ತಿಯಲ್ಲಿ ಒರೆಸುತ್ತಾ “ನಾಲ್ಕನೇದು ನಾಳೆ ಒಂಬತ್ತಕ್ಕೆ, ಊಟ ಮುಗಿಸ್ಕೊಂಡೇ ಬನ್ನಿ” ಎಂದರು.

ಐದೂ ರೀಲು ಇಳಿದಾದ ಮೇಲೆ ಆ ಟೇಪುಗಳಲ್ಲಿ ಉಳಿದದ್ದು ಬರೀ ಪ್ಲಾಸ್ಟಿಕ್ ಪಟ್ಟಿ. ದನಿ ಪೂರ್ತಿ ಕಂಪ್ಯೂಟರಿಗೆ ಬಂದಿತ್ತು. ಮೇಡಂ ಮೊದಲು ಮಾಡಿದ ಕೆಲಸವೆಂದರೆ ಹದಿನೈದು ಗಂಟೆಯನ್ನೂ, ಕುರ್ಚಿಯ ಕಿರುಗು, ಟೇಪಿನ ಸರಸರ ಎಲ್ಲ ಸೇರಿಸಿ, ಇದ್ದದ್ದು ಇದ್ದ ಹಾಗೆ ಇನ್ನೊಂದು ಡಿಸ್ಕಿಗೆ ನಕಲು ಮಾಡಿ ಕಬ್ಬಿಣದ ಟ್ರಂಕಿನಲ್ಲಿಟ್ಟು ಬೀಗ ಜಡಿದದ್ದು. “ಮೊದಲ ಪ್ರತಿ ಮುಟ್ಟಬಾರದು ಪರಮೇಶಪ್ಪ. ಚೆಂದ ಮಾಡಕ್ಕೂ ಮುಟ್ಟಬಾರದು” ಎಂದರು. ನನಗೆ ಅದು ಅತಿಯೆನಿಸಿತು. ಬೀಗದ ಕೈಯನ್ನು ಅವರು ಮಾಂಗಲ್ಯದ ಸರಕ್ಕೆ ಪೋಣಿಸಿಕೊಂಡಾಗ ಇನ್ನೂ ಅತಿಯೆನಿಸಿತು.

ಮರುದಿನ ನನ್ನನ್ನು ಕರೆದು ಪರದೆ ತೋರಿಸಿದರು. ಉದ್ದಕ್ಕೆ ಒಂದು ಗೆರೆ, ಅಲ್ಲೊಂದು ಇಲ್ಲೊಂದು ಗುಡ್ಡೆ.

“ಈ ಗುಡ್ಡೆಗಳು ಮಾತು. ಉಳಿದದ್ದೆಲ್ಲ ಆಕೆ ಸುಮ್ಮನೆ ಕೂತಿರೋದು. ನಾನು ಕೂಡಿ ನೋಡಿದೆ. ಹದಿನೈದು ಗಂಟೇಲಿ ಮಾತು ಇರೋದು ನಲವತ್ತೇಳು ನಿಮಿಷ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಟೇಪು ಮಾತಿರಲಿ ಮೌನವಿರಲಿ ಒಂದೇ ಸಮ ಸುತ್ತುತ್ತದೆ, ಅದು ಸುತ್ತುವಷ್ಟು ಹೊತ್ತೂ ನೀಲಕ್ಕನ ಗಂಟಲು ಖಾಲಿ. ಕಂಪ್ಯೂಟರಿಗೆ ಸುತ್ತುವ ಹಂಗಿಲ್ಲ. ಮಾತುಗಳನ್ನು ಮಾತ್ರ ಕತ್ತರಿಸಿ ತೆಗೆದು, ಬಸ್ಸಿನ ವೇಳೆಗೆ ಅಷ್ಟಷ್ಟೇ ನುಡಿಸಿದರೆ, ನಡುವಿನ ಹದಿನಾಲ್ಕು ಗಂಟೆ ಹದಿಮೂರು ನಿಮಿಷ ಆಕೆಯದು. ಮೂವತ್ತೊಂದು ವರ್ಷ ನಾವು ಆಕೆಯ ಮಾತಿಗಾಗಿ ಆಕೆಯ ಮೌನವನ್ನೂ ಕಟ್ಟಿಹಾಕಿದ್ದೆವು. ಅದನ್ನು ಬಿಡಿಸಿ ಕೊಡಬಹುದೆಂದು ಇಡೀ ಊರಿನಲ್ಲಿ ಹೊಳೆದದ್ದು ಕಿವಿಗೆ ಹತ್ತಿ ಇಟ್ಟುಕೊಂಡ ಈ ಒಬ್ಬ ಹೆಂಗಸಿಗೆ. ನಾನು ಅವರ ಕಾಲಿಗೆ ಬೀಳುವವನಿದ್ದೆ, ಕಾಲಡಿ ವೈರುಗಳಿದ್ದವು.

ಹತ್ತು ದಿನ ಕೂತು ನೂರ ನಲವತ್ತೆರಡು ತುಣುಕು ಮಾಡಿದರು. ಮಾತಿನ ತುಣುಕುಗಳನ್ನು ಒಂದು ಫೋಲ್ಡರಿನಲ್ಲಿ, ನಡುವಿನದನ್ನು ಇನ್ನೊಂದರಲ್ಲಿ ಇಟ್ಟರು. ಮೊದಲನೆಯದಕ್ಕೆ ‘ಬಸ್ಸು’ ಎಂದು ಹೆಸರು, ಎರಡನೆಯದಕ್ಕೆ ‘ಖಾಲಿ’. ಎಲ್ಲವನ್ನೂ ಒಮ್ಮೆ ನುಡಿಸಿ ದನಿಯನ್ನು ಹೊಸ ತುಣುಕುಗಳಿಗೆ ಕೂರಿಸಿದರು. ಬಸ್ ಸ್ಟ್ಯಾಂಡಿನ ಕಂಪ್ಯೂಟರಿಗೆ ಅದನ್ನು ಹಾಕಿಕೊಳ್ಳುವ ಕೆಲಸ ನನಗೆ ಬಿತ್ತು. ಆ ಕಂಪ್ಯೂಟರು ಮುದಿ ಎತ್ತಿನಂಥದ್ದು, ಜಾಗ ಸಾಲದು ಸಾಲದು ಎಂದು ಅಡ್ಡ ಮಲಗಿತು. ನೋಡಿದೆ, ‘ಖಾಲಿ’ ಎಂಬುದೇ ಹೆಚ್ಚುಕಡಿಮೆ ಜಾಗವನ್ನೆಲ್ಲ ತಿಂದು ಕೂತಿದೆ. ಖಾಲಿಗೇಕೆ ಇಷ್ಟು ಜಾಗ ಎಂದು ಅಳಿಸಿದೆ. ಮೇಡಂ ಹತ್ತಿರ ಇದ್ದ ‘ಖಾಲಿ’ಯನ್ನೂ, ಮನೆಗೆ ಊಟಕ್ಕೆ ಹೋಗಿದ್ದ ಅವರಿಗೆ ಉಪಕಾರವಾಗಲಿ ಎಂದು, ಅಲ್ಲಿಂದಲೂ ಅಳಿಸಿ ಬಂದೆ. ಊರಿಗೆ ಉಪಕಾರ ಮಾಡಲು ಹೊರಟ ಎಡವಟ್ಟನಿಗಿಂತ ಸುಮ್ಮನೆ ಮಲಗಿದ ಸೋಮಾರಿ ವಾಸಿ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು, ನನ್ನನ್ನು ನೋಡಿಯೇ ಹೇಳುತ್ತಿದ್ದಿರಬೇಕು.

ಅರ್ಧ ಗಂಟೆಯಲ್ಲಿ ಜವರಣ್ಣ ಕೈಯ ಗ್ರೀಸು ಒರೆಸಿಕೊಳ್ಳದೆ ಭಂಡಾರಕ್ಕೆ ಓಡಿ ಬಂದ. ಮೇಡಂ ಆಗಷ್ಟೇ ಊಟದಿಂದ ಬಂದಿದ್ದರು, ನಾನು ಶಹಭಾಸ್ ಎನ್ನಿಸಿಕೊಳ್ಳಲು ನಿಂತಿದ್ದೆ.

“ಮೇಡಂ, ನಮ್ಮೋಳು ಮಾತಾಡ್ತಾ ಇದ್ದಾಳೆ.”

“ಒಳ್ಳೇದಲ್ವಾ?”

“ನಿಲ್ತಾ ಇಲ್ಲ ಮೇಡಂ. ಮೊದ್ಲು ಸಂತೋಷದಲ್ಲಿ ಆಡ್ತಾವ್ಳೆ ಅನ್ಕೊಂಡೆ, ಆಡ್ಲಿ ಬಿಡು ಅಂತ ಕೂತು ಕೇಳ್ದೆ. ಮಾತಿಗೂ ಮಾತಿಗೂ ಮಧ್ಯ ಸಂದೇ ಇಲ್ಲ. ಉಸಿರು ತಗೊಳಕ್ಕೂ ಆಗ್ದೆ ಮುಖ ಕೆಂಪಾಗೋಗೈತೆ.”

ಮೇಡಂ ನನ್ನ ಮುಖ ನೋಡಿದರು. ಅವರು ಕೇಳುವ ಮೊದಲೇ ನಾನು ಹೇಳಿಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮೌನ ಒಡೆದರೂ ಹೋಗುತ್ತದೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಹಳೇ ರೀಲುಗಳಲ್ಲಿ ಏನೂ ಉಳಿದಿರಲಿಲ್ಲ. ಆ ಹೆಂಗಸು ನನ್ನಿಂದ ಸಾಯುತ್ತಾಳೆ ಎಂದುಕೊಂಡೆ. ಇಪ್ಪತ್ತೆರಡು ವರ್ಷ ದನಿ ಕಿತ್ತುಕೊಂಡವನು ಈಗ ಉಸಿರನ್ನೂ ಕಿತ್ತುಕೊಂಡೆ.

ಮೇಡಂ ಬಯ್ಯಲಿಲ್ಲ. ಅವಸರವನ್ನೂ ಮಾಡಲಿಲ್ಲ. ಸರದಿಂದ ಬೀಗದ ಕೈ ಬಿಡಿಸಿ, ಟ್ರಂಕು ತೆಗೆದು, ಆ ಮುಟ್ಟಬಾರದ ಮೊದಲ ಪ್ರತಿಯ ಇನ್ನೊಂದು ನಕಲು ಮಾಡಿ, ನಕಲನ್ನು ಹಚ್ಚಿದರು. ಹುಡುಗಿಯ ಕುರ್ಚಿ ಕಿರುಗುಟ್ಟಿತು, ಬೆಳಗಿನ ಮೊದಲ ಬಸ್ಸಿಗೆ ಕಾಯುವ ದೊಡ್ಡ ಮೌನ ಕೋಣೆಯಲ್ಲಿ ತುಂಬಿತು. ಅಲ್ಲಿ ಸೈಕಲ್ ಶಾಪಿನ ಹಿಂದಿನ ಮನೆಯಲ್ಲಿ ನೀಲಕ್ಕ ಮಾತಿನ ಮಧ್ಯದಲ್ಲಿ ನಿಂತು, ಗೋಡೆಗೆ ಒರಗಿ, ಎದೆ ತುಂಬ ಉಸಿರು ಎಳೆದುಕೊಂಡಳಂತೆ. ಆ ದಿನ ಸಂಜೆಯವರೆಗೆ, ಮರುದಿನ ಬೆಳಿಗ್ಗೆಯಿಂದ ಮತ್ತೆ ಕತ್ತಲಾಗುವವರೆಗೆ, ಹದಿನೈದು ಗಂಟೆಯನ್ನೂ ಮೇಡಂ ಇನ್ನೊಮ್ಮೆ ಕೂತು ಕೇಳಿದರು. ಕಂಪ್ಯೂಟರು ತಾನೇ ಓಡುತ್ತದಲ್ಲ, ನೀವು ಎದ್ದು ಹೋಗಬಹುದಲ್ಲ ಎಂದೆ.

“ಒಂದ್ಸಲ ತಿಮ್ಮಯ್ಯ ಎದ್ದು ಹೋಗಿದ್ದಾನಲ್ಲ. ಅಷ್ಟೇ ಇರಲಿ” ಎಂದರು.

ಮತ್ತೆ ಹತ್ತು ದಿನ ಕತ್ತರಿಸಿದರು. ಈ ಸಲ ಎರಡನೇ ಫೋಲ್ಡರಿಗೆ ‘ಉಸಿರು’ ಎಂದು ಹೆಸರಿಟ್ಟರು. “ಖಾಲಿ ಅಂತ ಬರೆದಿದ್ದು ನನ್ನ ತಪ್ಪು. ಹಾಗೆ ಬರೆದರೆ ಯಾರಾದ್ರೂ ಅಳಿಸ್ತಾರೆ” ಎಂದರು. ತಪ್ಪನ್ನು ನನ್ನ ತಲೆಯಿಂದ ಇಳಿಸಿ ತಮ್ಮ ಹೆಗಲಿಗೆ ಹಾಕಿಕೊಂಡ ರೀತಿ ನೋಡಿ ನನಗೆ ನಾಚಿಕೆಯೂ ಆಯಿತು, ಇಂಥವರ ಕೈಕೆಳಗೆ ನಿಂತೆನಲ್ಲ ಎಂದು ಹೆಮ್ಮೆಯೂ ಆಯಿತು. ಎಲ್ಲ ಮುಗಿದು ಒಂದೇ ಒಂದು ತುಣುಕು ಉಳಿಯಿತು, ಕೊನೆಯದು. ಅದು ಯಾವ ಬಸ್ಸಿನದೂ ಅಲ್ಲ. ಇಡಬೇಕೋ ಬೇಡವೋ ಎಂದು ಅಂಗಡಿಯವರು, ಕಂಟ್ರೋಲರು ಎಲ್ಲ ಸೇರಿ ಚರ್ಚೆ ಮಾಡಿದರು. ಅದಿಲ್ಲದೆ ಶಟರು ಯಾವಾಗ ಎಳೆಯುವುದು ಎಂದು ಹೂವಿನಂಗಡಿಯವನ ಪ್ರಶ್ನೆ. ಮೇಡಂ ಈ ಚರ್ಚೆಗೆ ತಲೆ ಹಾಕದೆ ನೀಲಕ್ಕನ ಮನೆಗೆ ಹೋಗಿ ಕೇಳಿದರು.

ನೀಲಕ್ಕ ಯೋಚಿಸಿ, “ಇರ್ಲಿ ಮೇಡಂ. ಹೊಸದು ಶುರುವಾಗೋ ದಿನ ನಾನೂ ಬರ್ತೀನಿ” ಎಂದಳು.

ಹೊಸ ಏರ್ಪಾಡು ಶುರುವಾದ ಸೋಮವಾರ ನಾನು ಗುಂಡಿ ಒತ್ತಲಿಲ್ಲ, ಒತ್ತುವ ಗುಂಡಿಯೇ ಇರಲಿಲ್ಲ. ಬೆಳಿಗ್ಗೆಯಿಂದ ಬಸ್ಸುಗಳು ಹೊತ್ತಿಗೆ ಸರಿಯಾಗಿ ಕರೆಸಿಕೊಂಡು ಹೊರಟವು. ನೀಲಕ್ಕ ಸಂಜೆಗೇ ಬಂದು ಕಲ್ಲಿನ ಬೆಂಚಿನ ಮೇಲೆ ಕೂತಳು, ಕೊರಳಲ್ಲಿ ಸ್ಲೇಟಿರಲಿಲ್ಲ. ಪಕ್ಕದಲ್ಲಿ ದಾಕ್ಷಾಯಣಿ ಮೇಡಂ ಕಿವಿಯ ಹತ್ತಿ ತೆಗೆದು ಕೂತಿದ್ದರು. ನೀಲಕ್ಕ ಅವರಿಗೆ ತನ್ನ ಮೊಮ್ಮಗನ ವಿಷಯ ಹೇಳುತ್ತಿದ್ದಳು. ಮೇಲೆ ಧ್ವನಿವರ್ಧಕದಲ್ಲಿ ತೋಟದಹಾಳಿನ ಬಸ್ಸು ಬಂದಾಗ ಬಾಯಿ ಮುಚ್ಚಿ ಕಾಯುತ್ತಿದ್ದಳು, ಅದು ಮುಗಿದೊಡನೆ ಬಿಟ್ಟ ಕಡೆಯಿಂದ ಮುಂದುವರಿಸುತ್ತಿದ್ದಳು. ಬಾಗಿಲಿಗೆ ಬಂದವರಿಗೆ ದಾರಿ ಬಿಟ್ಟುಕೊಡುವಷ್ಟು ಸಹಜವಾಗಿತ್ತು ಅದು. ಕಡಲೆಕಾಯಿಯವನು ಎರಡು ದನಿಯೂ ಒಂದೇ ದಿಕ್ಕಿನಿಂದ ಕೇಳಿ ತಬ್ಬಿಬ್ಬಾಗಿ, ಆಮೇಲೆ ತಿಳಿದು, ಆಕೆಯ ಕೈಗೆ ಒಂದು ಪೊಟ್ಟಣ ಇಟ್ಟು ಹೋದ.

ಎಂಟೂವರೆಯ ಬಸ್ಸು ಹೊರಟಿತು. ಅಂಗಡಿಯವರು ಶಟರಿಗೆ ಕೈ ಹಾಕಿ ನಿಂತರು. ಮೇಲಿಂದ ಆ ಹತ್ತೊಂಬತ್ತರ ಹುಡುಗಿ, ಇಡೀ ದಿನ ಕೂತು ದಣಿದವಳು, ಕೇಳಿದಳು: “ಸಾಕಾ?”

ತುಣುಕು ಅಲ್ಲಿಗೆ ಮುಗಿಯಿತು. ನೀಲಕ್ಕನ ದನಿ ಗಂಟಲಿಗೆ ಮರಳಿತು. ಆಕೆ ಎದ್ದು ನಿಂತು, ಧ್ವನಿವರ್ಧಕದ ಕಡೆ ಮುಖ ಎತ್ತಿ, ಐವತ್ತು ವರ್ಷದ ದಪ್ಪ ದನಿಯಲ್ಲಿ, ಮಗಳನ್ನು ಕರೆಯುವವಳಂತೆ ಹೇಳಿದಳು.

“ಸಾಕು ಕಣವ್ವಾ. ಎದ್ದು ಮನೆಗೆ ನಡಿ.”